ನೀಲಿ ಮಖಮಲ್ಲಿನ ಖಾಲಿ ಗುಳಿ

ಬೆಳಗ್ಗೆ ಅಂಚೆಯವನು ಕೊಟ್ಟುಹೋದ ಸಣ್ಣ ಪೊಟ್ಟಣ ಮೇಜಿನ ಮೇಲಿದೆ. ಅದನ್ನು ಬಿಚ್ಚಿದ್ದೇನೆ, ಮುಚ್ಚಿದ್ದೇನೆ, ಅಂಗಳಕ್ಕೆ ಹೋಗಿ ಬಂದಿದ್ದೇನೆ, ಚಹಾ ಆರಲು ಬಿಟ್ಟು ಮತ್ತೆ ಬಿಚ್ಚಿದ್ದೇನೆ. ಒಳಗಿರುವುದು ಬೆಳ್ಳಿಯ ಒಂದು ನಾಣ್ಯ. ಇದಕ್ಕಾಗಿ ಅರ್ಧ ಆಯುಷ್ಯ ಹುಡುಕಾಡಿದೆ ಎಂದರೆ ನೀವು ನಗುತ್ತೀರಿ. ನಗಿರಿ, ನಮ್ಮ ಮನೆಯವರೆಲ್ಲ ಆಗಲೇ ನಕ್ಕು ಮುಗಿಸಿದ್ದಾರೆ.

ಈ ಹುಚ್ಚು ಹತ್ತಿದ್ದು ಶಹಾಪುರದಲ್ಲಿ ಮಾಸ್ತರನಾದ ಹೊಸತರಲ್ಲಿ. ನಿಜಾಮರ ಕಾಲದ ತಾಮ್ರದ ಕಾಸು ಸುರಪುರದ ಸಂತೆಯಲ್ಲಿ ಬೇಕಾದಷ್ಟು ಸಿಗುತ್ತಿತ್ತು. ನನಗೆ ಅದು ಬೇಡ. ಯಾರ ಕೈಯೂ ಮುಟ್ಟದ ನಾಣ್ಯ ಬೇಕು. ಸರ್ಕಾರದ ಟಂಕಸಾಲೆ ದೊಡ್ಡ ಸಂಗತಿಗಳ ನೆನಪಿಗೆಂದು ವಿಶೇಷ ನಾಣ್ಯ ಹಾಕುತ್ತದಲ್ಲ, ಅವನ್ನೇ ಕನ್ನಡಿಯ ಹಾಗೆ ಹೊಳೆಯಿಸಿ ಪೆಟ್ಟಿಗೆಯಲ್ಲಿಟ್ಟು ಕಳಿಸಿದರೆ ಅದು ಪ್ರೂಫ್ ಸೆಟ್. ಮುಂಬಯಿಗೆ ಹಣ ಕಳಿಸಿ, ತಿಂಗಳುಗಟ್ಟಲೆ ಅಂಚೆ ಕಚೇರಿಗೆ ಅಲೆದು ಒಂದನ್ನು ತರಿಸಿಕೊಂಡೆ. ನೀಲಿ ಮಖಮಲ್ಲಿನ ಗುಳಿಗಳು, ನಡುವಿನ ದೊಡ್ಡ ಗುಳಿಯಲ್ಲಿ ತೆನೆ ಹಿಡಿದ ಹೆಂಗಸಿನ ಚಿತ್ರವಿದ್ದ ಬೆಳ್ಳಿ ನಾಣ್ಯ.

ಅದೇ ವರ್ಷ ಮದುವೆಯಾಯಿತು. ಹೆಂಡತಿ ಗುರುಮಠಕಲ್ ಕಡೆಯವಳು, ಮಳೆ ನಂಬಿದ ಹೊಲಗಳ ಮಗಳು. ಬೇರೆ ಗಂಡಂದಿರು ಹೊಸ ಹೆಂಡತಿಗೆ ಏನು ತೋರಿಸುತ್ತಾರೋ, ನಾನು ಪೆಟ್ಟಿಗೆ ತೋರಿಸಿದೆ. ಬರಿಗೈಯಲ್ಲಿ ಮುಟ್ಟಬಾರದು, ಮಡಿ ಬಿಳಿ ಬಟ್ಟೆಯಲ್ಲಿ ಅಂಚು ಹಿಡಿದೇ ಎತ್ತಬೇಕು, ಉಸಿರು ತಾಗಿಸಬಾರದು, ಎಂಥ ಅಡಚಣೆ ಬಂದರೂ ಖರ್ಚು ಮಾಡಬಾರದು ಎಂದು ಪಾಠ ಹೇಳಿದೆ. ಅವಳು ಬಾಯಿಗೆ ಸೆರಗು ಹಿಡಿದು ಬಗ್ಗಿ ನೋಡಿ, ಪೆಟ್ಟಿಗೆಗೆ ಕೈ ಮುಗಿದಳು. ನನಗೆ ಎಷ್ಟು ಹಿಗ್ಗಾಯಿತೆಂದರೆ, ಕೈ ಯಾಕೆ ಮುಗಿದಳೆಂದು ಕೇಳುವುದೇ ಹೊಳೆಯಲಿಲ್ಲ.

ಆ ಸಲವೇ ನಮ್ಮ ಕಾಲುವೆಗೆ ಮೊದಲ ನೀರು ಬಿಟ್ಟರು. ಊರಿಗೆ ಊರೇ ದಂಡೆಗೆ ಓಡಿತು. ಕಸಕಡ್ಡಿ ತಳ್ಳಿಕೊಂಡು ಕೆಸರು ನೀರು ಬಂತು. ಹೆಂಗಸರು ಅರಿಸಿನ ಕುಂಕುಮ ಏರಿಸಿ ನೀರಿಗೆ ಕಾಸು ಬಿಡುತ್ತಿದ್ದರು. ನನ್ನ ಹೆಂಡತಿ ಸೊಂಟದಿಂದ ಬಿಳಿ ಬಟ್ಟೆಯ ಗಂಟು ತೆಗೆದು, ಉಸಿರು ಬಿಗಿಹಿಡಿದು, ಅಂಚು ಹಿಡಿದು, ನಾನು ಕಲಿಸಿದಂತೆಯೇ ಎತ್ತಿದಳು. ಬಿಸಿಲಿಗೆ ಅದು ಒಮ್ಮೆ ಹೊಳೆಯಿತು. ನಾನು ಕೂಗುವಷ್ಟರಲ್ಲಿ ಮುಳುಗಿತ್ತು.

“ಏನ್ ಮಾಡ್ದಿ ನೀ?”

“ಗಂಗವ್ವಗ ಕೊಟ್ಟೀನ್ರಿ.” ಅವಳ ಕಣ್ಣು ತುಂಬಿದ್ದವು. “ನಮ್ಮೂರಿಗಿ ಇಂಥ ನೀರು ಬಂದಿಲ್ರಿ.”

“ಡಬ್ಬ್ಯಾಗ ಚಿಲ್ರ ಇರಲಿಲ್ಲೇನು?”

“ಸವದ ರೊಕ್ಕ ಹೆಂಗ ಕೊಡ್ಲಿರಿ? ಮುಟ್ಟಬ್ಯಾಡ, ಖರ್ಚು ಮಾಡಬ್ಯಾಡ ಅಂತ ನೀವ ಅಂದಿದ್ರಿ. ಮೀಸಲಾ ಇಟ್ಟೀರಿ ಅನ್ಕೊಂಡೆ. ಮೀಸಲಾ ಇಟ್ಟದ್ದು ದೇವ್ರಿಗಲ್ದ ಮತ್ಯಾರಿಗ್ರಿ?”

ಮೊದಲ ತೆನೆ, ಎಮ್ಮೆ ಈದ ಮೇಲಿನ ಮೊದಲ ಬೆಣ್ಣೆ, ಇವನ್ನು ಯಾರೂ ಮುಟ್ಟದೆ ದೇವರಿಗೆ ಎತ್ತಿಡುವ ಮನೆಯಲ್ಲಿ ನಾನೂ ಬೆಳೆದವನೇ. ನನ್ನ ಪಾಠವನ್ನು ಅವಳಷ್ಟೂ ಅರಿಯದವನು ನಾನೇ.

ಸಿಟ್ಟು ನಾಲ್ಕು ದಿನಕ್ಕೆ ಇಳಿಯಿತು, ಚಡಪಡಿಕೆ ಇಳಿಯಲಿಲ್ಲ. ಖಾಲಿ ಗುಳಿ ಕರೆದಂತಾಗಿ ಊಟದ ನಡುವೆ ಎದ್ದು ಹೋಗಿ ಪೆಟ್ಟಿಗೆ ತೆರೆಯುತ್ತಿದ್ದೆ. ಯಾದಗಿರಿ ಬಸ್ಸು ಕಾಲುವೆ ದಾಟುವಾಗ ಕಿಟಕಿಯಿಂದ ಇಣುಕುತ್ತಿದ್ದೆ, ನಾಣ್ಯವೇನೋ ತೇಲಿ ಬರುವುದೆಂಬಂತೆ. ಹೈದರಾಬಾದಿನ ಅಂಗಡಿಗಳಲ್ಲಿ ವಿಚಾರಿಸಿ ವಿಚಾರಿಸಿ, ಕೊನೆಗೆ ಅಲ್ಲಿನ ಒಬ್ಬರು ಅಂಥದೇ ಈ ನಾಣ್ಯ ಕಳಿಸಿದ್ದಾರೆ.

“ಹಾಕ್ರಿ ಅದನ್ನ,” ಎನ್ನುತ್ತಾಳೆ ಎದುರು ಕೂತ ಹೆಂಡತಿ. “ಇನ್ನರೆ ಜೀವಕ್ಕ ಸಮಾಧಾನ ತಗೊಳ್ರಿ.”

ಹಾಕಿದೆ. ಸರಿಯಾಗಿ ಕೂತಿತು. ನೋಡಿದರೆ, ಇದು ಯಾರ ಮನೆಯಲ್ಲಾದರೂ ಇರಬಹುದಾದ ಪೆಟ್ಟಿಗೆ. ದಂಡೆಯ ಮೇಲೆ ಉಸಿರು ಬಿಗಿಹಿಡಿದು ನಿಂತ ಆ ಹೊಸ ಮದುವಣಗಿತ್ತಿ ಇದರಲ್ಲಿಲ್ಲ. ಇಷ್ಟು ವರ್ಷ ಆ ಖಾಲಿ ಗುಳಿಯಲ್ಲಿ ನಾನು ತೆರೆತೆರೆದು ನೋಡಿದ್ದು ಅವಳನ್ನೇ. ನನಗೆ ಒಮ್ಮೆಲೇ ಹೆದರಿಕೆಯಾಯಿತು. ನಾಣ್ಯವನ್ನು ಹೊರಗೆ ತೆಗೆದೆ.

“ಕಾಲುವಿಗಿ ಈ ಸಲ ನೀರು ಯಾವಾಗ ಬಿಡ್ತಾರ?” ಎಂದೆ.

ಅವಳು ನನ್ನ ಮುಖ ನೋಡಿದಳು, ನಾಣ್ಯ ನೋಡಿದಳು. ಎದ್ದು, ಬಿಳಿ ಬಟ್ಟೆ ತರಲು ಒಳಗೆ ಹೋದಳು.