ಗೇಟ್ ಮನೆಯ ಕೆಂಪು ಮೆಟ್ಟಿಲು

ಅಕ್ಸ್‌ಬ್ರಿಡ್ಜ್ ಎಂಬ ಇಂಗ್ಲಿಷ್ ಊರಿನಾಚೆ ನಾವು ಬಾಡಿಗೆಗಿರುವ ಮನೆ ಒಂದು ಕಾಲದಲ್ಲಿ ದೊಡ್ಡ ಎಸ್ಟೇಟಿನ ಗೇಟ್ ಕಾಯುವವನದು. ಒಳಗಿನ ಬಂಗಲೆ ಈಗ ಫ್ಲ್ಯಾಟುಗಳಾಗಿದೆ. ಗೇಟಿನ ಪಕ್ಕದ ಈ ಪುಟ್ಟ ಮನೆ ಹಾಗೇ ಉಳಿದಿದೆ. ಚೂಪು ಮಾಡು, ಅದರಂಚಿಗೆ ಮರದ ಕೆತ್ತನೆ, ಎರಡಾಳೆತ್ತರದ ಚಿಮಣಿ. ಒಳಗೆ ಮಾತ್ರ ಎರಡೇ ಕೋಣೆ, ಗೋಡೆಯೆಲ್ಲ ಥಂಡಿ. ಹೊರಗೆ ಥಳಕು, ಒಳಗೆ ಹುಳುಕು! ಸಾರೋಟಿನಲ್ಲಿ ಬರುವ ಅತಿಥಿಗಳು ನೋಡಲೆಂದೇ ಕಟ್ಟಿಸಿದ್ದು.

ಮುಂದಿನ ಕೋಣೆಯ ಕಿಟಕಿ ಗೋಡೆಯಿಂದ ಹೊರಕ್ಕೆ ಚಾಚಿಕೊಂಡಿದೆ. ಅದಕ್ಕೆ ಮೂರು ಮುಖ: ಒಂದು ರಸ್ತೆಗೆ, ಒಂದು ಗೇಟಿಗೆ, ಒಂದು ಬಂಗಲೆಯ ದಾರಿಗೆ. ಬಂದುಹೋಗುವವರ ಮೇಲೆ ಕಣ್ಣಿಡುವುದಕ್ಕೇ ಮಾಡಿದ ಕಿಟಕಿ. ಮೊದಲೇ ನನಗೆ ಅನುಮಾನದ ಬುದ್ಧಿ. ಕೋತಿಗೆ ಹೆಂಡ ಕುಡಿಸಿದ ಹಾಗಾಯಿತು.

ಹಳೆಯ ಕಟ್ಟಡ, ಒಂದು ಮೊಳೆ ಹೊಡೆಯಲೂ ಊರಿನ ಕೌನ್ಸಿಲ್ಲಿನ ಅನುಮತಿ ಬೇಕೆಂದು ಕರಾರಿನಲ್ಲೇ ಬರೆದಿತ್ತು. ಆದರೂ ಯುಗಾದಿಯ ಹಿಂದಿನ ದಿನ ಕೈ ಸುಮ್ಮನಿರಲಿಲ್ಲ. ಊರಿಂದ ತಂದ ಕೆಮ್ಮಣ್ಣನ್ನು ಬಾಗಿಲ ಮುಂದಿನ ಕಲ್ಲುಮೆಟ್ಟಿಲಿಗೆ ಬಳಿದು ರಂಗೋಲಿ ಇಟ್ಟೆ. ಮಳೆ ಬಂದು ರಂಗೋಲಿ ಹೋಯಿತು. ಕೆಂಪು ಹೋಗಲಿಲ್ಲ, ಕಲ್ಲು ಕುಡಿದುಬಿಟ್ಟಿತ್ತು.

ಮರುದಿನದಿಂದಲೇ ಅವಳು ಬರತೊಡಗಿದಳು. ನೀಲಿ ರೇನ್‌ಕೋಟಿನ, ಎಪ್ಪತ್ತು ದಾಟಿದ ಬಿಳಿ ಹೆಂಗಸು. ಗೇಟಿನಾಚೆ ನಿಂತು ಮೆಟ್ಟಿಲನ್ನೇ ದಿಟ್ಟಿಸುವುದು, ಫೋನಿನಲ್ಲಿ ಫೋಟೋ ಹೊಡೆಯುವುದು, ಹೋಗುವುದು.

"ಕೌನ್ಸಿಲ್‌ಗೆ ಕಂಪ್ಲೇಂಟ್ ಕೊಡ್ತಾಳೆ, ನೋಡ್ತಿರಿ," ಎಂದೆ ಗಂಡನಿಗೆ.

"ಸುಮ್ನಿರೇ. ಮನೆ ಚೆನ್ನಾಗಿದೆ, ಫೋಟೋ ತಗೋತಾಳಪ್ಪ."

"ಮನೆ ಅಲ್ಲಾರೀ, ಮೆಟ್ಟಿಲು! ಮೆಟ್ಟಿಲಿಗೇ ಗುರಿ ಇಡ್ತಾಳೆ."

ಮುಂದಿನ ವಾರ ಮನೆ ಮಾಲೀಕರ ಏಜೆಂಟ್ ಬಂದು ಮನೆ ನೋಡಿ ಕರಾರು ಮುಂದುವರಿಸಬೇಕಿತ್ತು. ಈ ಮನೆ ಹೋದರೆ, ಈ ವಿಳಾಸದ ಮೇಲೆ ಸಿಕ್ಕ ಮಗಳ ಶಾಲೆಯೂ ಹೋಗುತ್ತದೆ. ಶುಕ್ರವಾರವಿಡೀ ತಂತಿ ಬ್ರಷ್ಷು, ಸೋಡಾಪುಡಿ ಹಿಡಿದು ಉಜ್ಜಿದೆ. ಬೆರಳು ತರಚಿ ರಕ್ತ ಬಂತು, ಕಲ್ಲು ಬೂದು ಬಣ್ಣಕ್ಕೆ ತಿರುಗಿತು. ಈಗ ಹೊಡ್ಕೋ ಫೋಟೋ, ಎಂದುಕೊಂಡೆ.

ಶನಿವಾರ ಅವಳು ಗಾಲಿಕುರ್ಚಿ ತಳ್ಳಿಕೊಂಡು ಬಂದಳು. ಅದರಲ್ಲಿ ಒಣಗಿದ ಕಡ್ಡಿಯಂಥ ಮುದುಕಿ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಇವರು ನನ್ನ ಅಮ್ಮ," ಎಂದಳು ಅವಳು ಇಂಗ್ಲಿಷಿನಲ್ಲಿ. "ನಾನು ಹುಟ್ಟಿದ್ದು ಇದೇ ಮನೆಯಲ್ಲಿ, ಅಪ್ಪ ಗೇಟ್ ಕಾಯುತ್ತಿದ್ದರು. ಅಮ್ಮ ಪ್ರತಿ ಶನಿವಾರ ಈ ಮೆಟ್ಟಿಲಿಗೆ ಕೆಂಪು ಪಾಲಿಶ್ ಹಚ್ಚುತ್ತಿದ್ದರು. ಮತ್ತೆ ಕೆಂಪಾಗಿದೆ ಅಂತ ಫೋಟೋ ತೋರಿಸಿದೆ, ನಂಬಲಿಲ್ಲ. ಕಣ್ಣಾರೆ ನೋಡಬೇಕಂತೆ."

ಮುದುಕಿ ಬಗ್ಗಿ ಬೂದು ಕಲ್ಲನ್ನು ನೋಡಿದಳು. ಆಮೇಲೆ ಮಗಳತ್ತ ತಿರುಗಿ, "ನೀನು ಸುಳ್ಳು ಹೇಳಿದೆ," ಎಂದಳು.

ಆ ಹೆಂಗಸಿನ ಮುಖ ಬಾಡಿಹೋಯಿತು. ಅಯ್ಯೋ, ಎಂಥ ಪಾಪಿ ನಾನು!

"ಸುಳ್ಳಲ್ಲಮ್ಮ, ಕೆಂಪಿತ್ತು. ಉಜ್ಜಿದ್ದು ನಾನು," ಎಂದೆ.

ಮುದುಕಿ ನನ್ನನ್ನೂ ನಂಬಲಿಲ್ಲ. ಏಜೆಂಟ್ ಬರಲು ಇನ್ನೆರಡೇ ದಿನವಿತ್ತು. ಬರಲಿ, ಆದದ್ದಾಗಲಿ ಎಂದು ಕೆಮ್ಮಣ್ಣಿನ ಡಬ್ಬಿ ತಂದು, ನೀರು ಬೆರೆಸಿ, ಮುದುಕಿಯೆದುರೇ ಮಂಡಿಯೂರಿ ಬಳಿಯತೊಡಗಿದೆ. ಅವಳು ರೆಪ್ಪೆ ಹೊಡೆಯದೆ ನನ್ನ ಕೈಯನ್ನೇ ಕಾಯುತ್ತಿದ್ದಳು.

"ನೀನು ಮೂಲೆ ಬಿಟ್ಟೆ," ಎಂದಳು.