ಉನಾವಿ ಮೈ ಕೊಡವಲಿಲ್ಲ

ಈ ಸಲವೂ ನಮ್ಮ ದೇವರ ಬನಕ್ಕೆ ಮೇಣದ ಬತ್ತಿ ಬಂದದ್ದು ಚರ್ಚಿನಿಂದಲೇ. ನಮ್ಮನ್ನು ಕಂಡರೆ ವಿಷ ಕಾರುವ ಪಾದ್ರಿಯ ಕೈಯಿಂದ ಬತ್ತಿ ಕೊಂಡು ತಂದು, ನಮ್ಮ ಬರ್ಚ್ ಮರದ ಬುಡದಲ್ಲಿ ಹಚ್ಚಿ, ನಮ್ಮ ಕುಗು ಯುಮೋ ದೇವರಿಗೆ ಅಡ್ಡಬೀಳುತ್ತೇವೆ. ಮಾನಗೆಟ್ಟ ಜನ ನಾವು. ಉನಾವಿ ಅಕ್ಕ ಇದ್ದಿದ್ದರೆ ಆ ಬತ್ತಿಯನ್ನು ಮೂಸಿ, "ಇದ್ರಲ್ಲಿ ಜೇನಿನ ವಾಸನೆ ಎಲ್ಲಿದೆಯೋ ಪೆಕ್ತಾನ್? ಬರೀ ಕೊಬ್ಬಿನ ನಾತ" ಎಂದು ಮೂತಿಗೆ ತಿವಿಯುತ್ತಿದ್ದಳು.

ಜಾರ್ ದೊರೆ ಆಳುವ ವ್ಯಾಟ್ಕಾ ಸೀಮೆಯ ನಮ್ಮ ಹಳ್ಳಿಯಲ್ಲಿ ನಲವತ್ತು ವರ್ಷ ಬನದ ಬತ್ತಿಗೆ ಮೇಣ ಕೊಟ್ಟವಳು ಅವಳು. ಗಂಡ ಸತ್ತ ಮೇಲೂ ಪೈನ್ ಮರಗಳ ಮೇಲಿನ ಜೇನುಗೂಡುಗಳನ್ನು ಬಿಡಲಿಲ್ಲ. ಐವತ್ತು ದಾಟಿದ ಹೆಂಗಸು ಸೊಂಟಕ್ಕೆ ಹಗ್ಗ ಬಿಗಿದು ಮರ ಹತ್ತುವಾಗ ಕೆಳಗೆ ನಿಂತು ನಕ್ಕವರಿಗೆಲ್ಲ ಮೇಲಿನಿಂದಲೇ ಬೈಗುಳ ಬೀಳುತ್ತಿತ್ತು. ಇಳಿದು ಬಂದ ಮೇಲೆ ಅದೇ ಜನರಿಗೆ ಬಟ್ಟಲು ತುಂಬ ಜೇನು.

ಅವಳ ಬದುಕು ತಿರುಗಿದ್ದು ಒಂದು ಕುದುರೆಮರಿಯಿಂದ. ಮಗಳಿಗೆ ಜ್ವರ ಏರಿದಾಗ ಮರಿಯನ್ನು ಹರಕೆ ಹೊತ್ತಳು. ಬಲಿಗೆ ಮೊದಲು ಪ್ರಾಣಿಯ ಬೆನ್ನಿಗೆ ನೀರು ಹೊಯ್ಯುತ್ತೇವೆ. ಅದು ಮೈ ಕೊಡವಿದರೆ ದೇವರು ಒಪ್ಪಿದ ಹಾಗೆ. ಏಳು ಸಲ ಹೊಯ್ದರೂ ಕೊಡವದಿದ್ದರೆ ಹಗ್ಗ ಬಿಚ್ಚಿ ಬಿಟ್ಟುಬಿಡಬೇಕು. ಅಜ್ಜ ಮುತ್ತಜ್ಜರ ಕಾಲದ ಪದ್ಧತಿ. ಅವತ್ತು ಆ ಮರಿ ಏಳು ಸಲವೂ ಕಲ್ಲಿನ ಹಾಗೆ ನಿಂತಿತು. ನೀರಿನ ಬಕೆಟ್ಟು ಹಿಡಿಯುವವನು ನಾನು, ಪಕ್ಕದಲ್ಲೇ ನಿಂತು ನೋಡಿದ್ದೇನೆ. ಬನದ ಪೂಜಾರಿ ತೊಕ್ಪಾಯ್ ಅದರ ಕಿವಿಯನ್ನು ಮೆಲ್ಲಗೆ ಚಿವುಟಿದ. ಮರಿ ಮೈ ಕೊಡವಿತು. ಕಡಿದರು. ಮೂರನೇ ದಿನ ಮಗಳೂ ಹೋದಳು.

ತೊಕ್ಪಾಯ್ ಉನಾವಿಯ ಸ್ವಂತ ಮೈದುನ. ಅವಳು ಅವನಿಗೆ ಹೇಳಿದ್ದು ಇಷ್ಟೇ: "ದೇವರು ಬೇಡ ಅಂದ. ನೀನು ಬೇಕು ಅನ್ನಿಸ್ದೆ."

ಆಮೇಲೆ ಅವಳು ಬಲಿಯ ಮಾಂಸ ಮುಟ್ಟಲಿಲ್ಲ. ಶುಕ್ರವಾರ ಮನೆಯಲ್ಲೇ ಮೊಳದುದ್ದದ ಬತ್ತಿ ಹಚ್ಚಿ, ರೊಟ್ಟಿ ಮತ್ತು ಜೇನು ಇಟ್ಟು ಕೈಮುಗಿಯುತ್ತಿದ್ದಳು. ಹೊಳೆಯಾಚೆಯ ಕೆಲವು ಹಳ್ಳಿಗಳಲ್ಲೂ ರಕ್ತ ಬಿಟ್ಟು ಹೀಗೆ ಪೂಜೆ ಮಾಡುವವರಿದ್ದರು, ದೊಡ್ಡ ಬತ್ತಿಯವರು ಅಂತ. ನಮಗೇನು? ಬನಕ್ಕೆ ಬಂದೆಯಾ, ಬಾಗಿದೆಯಾ, ರೊಟ್ಟಿ ತಂದೆಯಾ, ಮುಗಿಯಿತು. ನೀನು ಏನು ನಂಬುತ್ತೀಯ ಎಂದು ನಮ್ಮಲ್ಲಿ ಯಾರೂ ಯಾರನ್ನೂ ಕೇಳಿದ್ದಿಲ್ಲ. ಪಾಷಂಡಿ ಎನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಪದವೇ ಇರಲಿಲ್ಲ. ಅದು ಪಾದ್ರಿಯ ಬಾಯಿಯ ಮಾತು, ನಮ್ಮನ್ನೆಲ್ಲ ಒಟ್ಟಿಗೆ ಬೈಯುವುದಕ್ಕೆ ಇಟ್ಟುಕೊಂಡ ಮಾತು.

ಒಂದು ವರ್ಷ, ಇದು ಹೊಸ ಮತ ಎಂದು ಜಾರ್ ಸರ್ಕಾರದ ಕಣ್ಣು ದೊಡ್ಡ ಬತ್ತಿಯವರ ಮೇಲೆ ಬಿತ್ತು. ಪಾದ್ರಿ ಪೊಲೀಸರನ್ನು ಕರೆದುಕೊಂಡು ಬಂದು ತೊಕ್ಪಾಯ್‌ಗೆ ಹೇಳಿದ: ನಿಮ್ಮೂರಲ್ಲಿ ಅಂಥವರಿದ್ದರೆ ಒಪ್ಪಿಸು, ಇಲ್ಲವಾದರೆ ಬನಕ್ಕೆ ಗರಗಸ ಬೀಳುತ್ತದೆ.

ಮರುದಿನ ಬೆಳಿಗ್ಗೆ ಊರೆಲ್ಲ ಬನದಲ್ಲಿ ಸೇರಿತು. ಪೊಲೀಸರು ದಾರಿಯಲ್ಲಿ ಗಾಡಿ ನಿಲ್ಲಿಸಿ ಕಾಯುತ್ತಿದ್ದರು. ತೊಕ್ಪಾಯ್ ಕೈಯಲ್ಲಿ ಬಲಿಯ ಸಾರಿನ ಬಟ್ಟಲು.

"ಅತ್ತಿಗೆ, ಎಲ್ಲಾರ ಎದುರಿಗೆ ಒಂದು ಗುಟುಕು ಕುಡಿದುಬಿಡು. ಇಲ್ಲಿ ಅಂಥೋರು ಯಾರೂ ಇಲ್ಲ ಅಂತ ಹೇಳಿ ಕಳಿಸ್ತೀನಿ."

"ಕುಡೀದಿದ್ರೆ?"

"ಕುಡೀದಿದ್ರೆ ನೀನು ಪಾಷಂಡಿ."

ಉನಾವಿ ನಕ್ಕುಬಿಟ್ಟಳು. "ಈ ಮಾತು ಯಾವಾಗ ಕಲ್ತೆಯಪ್ಪಾ? ಹೋದ ವರ್ಷ ಪಾದ್ರಿ ನಿನಗೇ ಹಂಗಂದಾಗ ನೀನು ಮೂರು ದಿನ ಊಟ ಬಿಟ್ಟು ಮಲಗಿದ್ದೆ. ಗಂಜಿ ಕುಡಿಸಿದ್ದು ನಾನೇ."

ಯಾರೋ ಕಿಸಕ್ಕೆಂದರು. ತೊಕ್ಪಾಯ್ ಮುಖ ಕೆಂಪಾಯಿತು. "ಬನ ಕಡೀತಾರೆ ಅತ್ತಿಗೆ. ಅರ್ಥ ಮಾಡ್ಕೋ."

"ಅಂದ್ರೆ ಬನಕ್ಕೋಸ್ಕರ ನನ್ನ ಬಲಿ ಕೊಡ್ತೀಯ. ಆಗ್ಲಿ ಬಿಡು. ಬಲಿ ಅಂದ್ಮೇಲೆ ಪದ್ಧತಿ ಇದೆಯಲ್ಲ? ನೀರು ಹುಯ್ಯಿ."

ಹೊದ್ದ ಶಾಲು ತೆಗೆದು, ಮಂಡಿಗೆ ಕೈ ಊರಿ ಬಾಗಿ ನಿಂತಳು. ಶರತ್ಕಾಲದ ಕೊನೆ, ಬಕೆಟ್ಟಿನಲ್ಲಿ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. ಊರೇ ನೋಡುತ್ತಿತ್ತು, ತೊಕ್ಪಾಯ್ ಬಟ್ಟಲು ಕೆಳಗಿಟ್ಟು ಸೌಟಿನಿಂದ ಹೊಯ್ಯಲೇಬೇಕಾಯಿತು. ಒಂದು. ಎರಡು. ಅಂಗಿ ಬೆನ್ನಿಗೆ ಅಂಟಿತು. ಐದನೆಯದಕ್ಕೆ ತುಟಿ ನೀಲಿಯಾಯಿತು. ಏಳೂ ಮುಗಿದವು. ಉನಾವಿ ಮೈ ಕೊಡವಲಿಲ್ಲ.

"ಬಿಟ್ಬಿಡು ತೊಕ್ಪಾಯ್, ದೇವರು ಒಲ್ಲೆ ಅಂದ" ಎಂದು ಹಿಂದಿನಿಂದ ಒಬ್ಬ ಮುದುಕಿ ಗೊಣಗಿದಳು. ಅದನ್ನು ನಾನು ಹೇಳಬೇಕಿತ್ತು. ಎಲ್ಲರಿಗಿಂತ ಹತ್ತಿರ ನಿಂತವನು ನಾನು. ಬಕೆಟ್ಟಿನ ತಳದ ನೀರನ್ನು ಹುಲ್ಲಿಗೆ ಚೆಲ್ಲಿದೆ. ತೊಕ್ಪಾಯ್ ಸೌಟನ್ನು ಕೆಳಗಿಟ್ಟು ದಾರಿಯ ಕಡೆ ಕೈ ಬೀಸಿದ. ಬೇಲಿಯೇ ಎದ್ದು ಹೊಲ ಮೇಯಿತು.

ಗಾಡಿ ಹತ್ತುವಾಗ ಉನಾವಿ ನನ್ನ ಕಡೆ ತಿರುಗಿದಳು. "ಪೆಕ್ತಾನ್, ಗೂಡುಗಳಿಗೆ ಹುಲ್ಲು ಹೊದಿಸೋ. ಚಳಿಗೆ ಸಾಯ್ತಾವೆ."

ಅವಳನ್ನು ಸೈಬೀರಿಯಾಕ್ಕೆ ಕಳಿಸಿದರು. ನಾನು ಗೂಡುಗಳ ಹತ್ತಿರ ಸುಳಿಯಲಿಲ್ಲ. ಪಾಷಂಡಿಯ ಗೂಡು ಮುಟ್ಟಿದ ಅಂತ ಯಾರಾದರೂ ಚಾಡಿ ಹೇಳಿಯಾರು ಎಂಬ ಭಯ. ಹಿಮ ಕರಗಿದ ಮೇಲೆ ನೋಡಿದರೆ ಒಂದು ಹುಳವೂ ಉಳಿದಿರಲಿಲ್ಲ. ಅಂದಿನಿಂದ ಬತ್ತಿ ಚರ್ಚಿನದು. ಬನವಂತೂ ನಿಂತಿದೆ. ಏನು ಉಳಿಸಿಕೊಂಡೆವೋ ಆ ದೇವರೇ ಹೇಳಬೇಕು.

ಇವತ್ತು, ಹನ್ನೊಂದು ವರ್ಷದ ಮೇಲೆ, ಅದೇ ಮರದ ಕೆಳಗೆ ಅದೇ ತೊಕ್ಪಾಯ್ ಕುರಿಯೊಂದಕ್ಕೆ ನೀರು ಹೊಯ್ದ. ಮೊದಲ ಸೌಟಿಗೇ ಕುರಿ ಮೈ ಕೊಡವಿತು.

"ದೇವರು ಒಪ್ಪಿದ" ಎಂದ ತೊಕ್ಪಾಯ್. ಎಲ್ಲರೂ ತಲೆಬಾಗಿದರು.

ನಾನು ಬಕೆಟ್ಟು ಕೆಳಗಿಟ್ಟೆ. "ಒಪ್ಪಿಲ್ಲ. ಅದಕ್ಕೆ ಚಳಿ ಆಯ್ತು, ಅಷ್ಟೇ."

ತೊಕ್ಪಾಯ್ ತಿರುಗಿ ನೋಡಿದ. ಊರೆಲ್ಲ ತಿರುಗಿ ನೋಡಿತು, ಅವತ್ತು ಅವಳನ್ನು ನೋಡಿದ ಹಾಗೆಯೇ. ನಾನು ಶಾಲು ತೆಗೆದು ಹುಲ್ಲಿನ ಮೇಲೆ ಹಾಕಿದೆ.

"ಹುಯ್ಯಿ" ಎಂದೆ.