ಹನ್ನೊಂದು ನಿಮಿಷದ ಕಂಪ್ಯೂಟರು

ಗುಂಡಿ ಒತ್ತಿದ ಮೇಲೆ ಜರೀನಾಳ ಕಂಪ್ಯೂಟರು ಕಣ್ಣು ಬಿಡಲು ಹನ್ನೊಂದು ನಿಮಿಷ ಬೇಕಾಗುತ್ತಿತ್ತು. ಇದು ಸುಮ್ಮನೆ ಆಡಿದ ಮಾತಲ್ಲ, ಮೂರು ದಿನ ಗಡಿಯಾರ ನೋಡಿ ಖಾತ್ರಿ ಮಾಡಿಕೊಂಡಿದ್ದಳು. ಅಷ್ಟು ಹೊತ್ತಿನಲ್ಲಿ ಅಂಗಡಿಯ ಕಸ ಹೊಡೆದು, ಮುಂದಿನ ಕಟ್ಟೆಗೆ ನೀರು ಚಿಮುಕಿಸಿ, ಎದುರಿನ ಹೋಟೆಲಿನಿಂದ ಚಹಾ ತರಿಸಿ ಕುಡಿದು ಮುಗಿಸಿದರೂ ತೆರೆಯ ಮೇಲೆ ಚುಕ್ಕಿಗಳ ಚಕ್ರ ತಿರುಗುತ್ತಲೇ ಇರುತ್ತಿತ್ತು. ಚಕ್ರ ನಿಂತ ಮೇಲೂ ಮೌಸಿನ ಬಾಣ ಕೆಸರಿನಲ್ಲಿ ಸಿಕ್ಕ ಎಮ್ಮೆಯಂತೆ ಹೆಜ್ಜೆ ಕೀಳುತ್ತಿರಲಿಲ್ಲ. "ಏಳೋ ಯಪ್ಪಾ, ಎಷ್ಟ ಮಲಗತಿ!" ಎಂದು ಅವಳು ದಿನಾ ಅದರ ನೆತ್ತಿಗೆ ಅಂಗೈಯಿಂದ ಬಡಿಯುತ್ತಿದ್ದಳು.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಗೆ ಹೋಗುವ ದಾರಿಯಲ್ಲಿ ಅವಳ ಡಿಟಿಪಿ ಅಂಗಡಿ. ವಯಸ್ಸು ನಲವತ್ತೇಳು. ಹುಡುಗಿಯಾಗಿದ್ದಾಗ ಎರಡು ವರ್ಷ ಬಸ್ಸಿನಲ್ಲಿ ಹಾವೇರಿಗೆ ಓಡಾಡಿ ಕನ್ನಡ ಟೈಪಿಂಗ್ ಕಲಿತು, ಸೀನಿಯರ್ ಪರೀಕ್ಷೆಯನ್ನೂ ಪಾಸು ಮಾಡಿದ್ದಳು. ಮದುವೆಯಾಗಿ ಬ್ಯಾಡಗಿಗೆ ಬಂದ ಮೇಲೆ ಒಂದು ಪ್ರೆಸ್ಸಿನಲ್ಲಿ ಅಕ್ಷರ ಜೋಡಿಸುವ ಕೆಲಸ. ಆ ಪ್ರೆಸ್ಸು ಮುಚ್ಚಿದಾಗ ಸ್ವಂತ ಅಂಗಡಿ ಹಾಕಿದಳು. ಮದುವೆ ಕಾರ್ಡು, ಗೃಹಪ್ರವೇಶದ ಕಾರ್ಡು, ಶಿವಗಣಾರಾಧನೆಯ ಕಾರ್ಡು, ತಹಶೀಲ್ದಾರರಿಗೆ ಅರ್ಜಿ, ನಾಟಕದ ಹ್ಯಾಂಡ್‌ಬಿಲ್ಲು, ಎಲ್ಲ ಅವಳ ಕೈಯಿಂದಲೇ. ಒತ್ತಕ್ಷರ ಒಂದು ಕೂದಲೆಳೆ ಆಚೀಚೆಯಾದರೂ ಅನ್ನದಲ್ಲಿ ಕಲ್ಲು ಸಿಕ್ಕವರಂತೆ ಮುಖ ಕಿವುಚುತ್ತಿದ್ದಳು. ಅವಳ ಹತ್ತಿರ ಮಾಡಿಸಿದ ಕಾರ್ಡಿನಲ್ಲಿ ತಪ್ಪು ಹುಡುಕಿದವರು ಊರಲ್ಲಿ ಇರಲಿಲ್ಲ.

ಕಂಪ್ಯೂಟರಿಗೆ ಹದಿಮೂರು ವರ್ಷ. ಅದನ್ನು ಬದಲಿಸಬೇಕೋ, ರಿಪೇರಿ ಮಾಡಿಸಬೇಕೋ ಎಂಬುದರ ಬಗ್ಗೆ ಜರೀನಾಳನ್ನು ಬಿಟ್ಟು ಉಳಿದೆಲ್ಲರಿಗೂ ಖಚಿತವಾದ ಅಭಿಪ್ರಾಯವಿತ್ತು. ಮೈದುನ ದಿಲಾವರ, "ಡಬ್ಬಿ ಒಗದು ಲ್ಯಾಪ್‌ಟಾಪ್ ತಗೋ ಭಾಬಿ" ಎನ್ನುತ್ತಿದ್ದ. ಕಾರ್ಡು ಮಾಡಿಸಲು ಬಂದವರು ಕುರ್ಚಿಯ ಮೇಲೆ ಕೂತು ಕಾಯುತ್ತಾ, "ರ್‍ಯಾಮ್ ಹಾಕಸ್ರಿ, ಕುದುರಿ ಆಗತೈತಿ" ಎನ್ನುತ್ತಿದ್ದರು. ರ್‍ಯಾಮ್ ಅಂದರೇನೆಂದು ಕೇಳಿದರೆ ಮೊಬೈಲು ನೋಡುತ್ತಾ ಕೂತುಬಿಡುತ್ತಿದ್ದರು. ಎಲ್ಲರಿಗಿಂತ ಹೆಚ್ಚು ಸಿಟ್ಟು ತರಿಸುತ್ತಿದ್ದವನು ಗಂಡ ಯೂಸುಫಸಾಬ. ಅವನು ಟೇಲರ್. ಅದೇ ಅಂಗಡಿಯ ಅರ್ಧ ಭಾಗದಲ್ಲಿ ಅವನ ಹೊಲಿಗೆ ಯಂತ್ರ.

"ನನ್ನ ಮಶೀನು ನಮ್ಮ ಅಪ್ಪಾನ ಕಾಲದ್ದು. ವಾರಕ್ಕೊಮ್ಮೆ ನಾಕ ಹನಿ ಎಣ್ಣಿ ಬಿಡತೇನಿ, ಇವತ್ತಿಗೂ ಟಕಾಟಕ್. ನೀ ನಿಂದು ಸರಿಯಾಗಿ ಇಟಗೊಂಡಿಲ್ಲ."

"ಹೌದ್ರೀ, ನಾಳೆಯಿಂದ ಇದಕ್ಕೂ ಎಣ್ಣಿ ಬಿಡತೇನಿ. ಶೇಂಗಾ ಎಣ್ಣಿ ಬಿಡ್ಲೋ, ಕುಸುಬಿ ಎಣ್ಣಿ ಬಿಡ್ಲೋ ಅದನ್ನಷ್ಟ ಹೇಳ್ರಿ."

ಅವನು ಇನ್ನಷ್ಟು ಜೋರಾಗಿ ಪೆಡಲ್ ತುಳಿಯುತ್ತಿದ್ದ. ಆ ಟಕಾಟಕ್ ಸದ್ದು ತನ್ನನ್ನು ಅಣಕಿಸಲೆಂದೇ ಬರುತ್ತಿದೆ ಎನಿಸಿ ಜರೀನಾಳ ಮೈ ಉರಿಯುತ್ತಿತ್ತು.

ಹೀಗಿರುವಾಗ ಕದರಮಂಡಲಗಿಯ ಮೈಲಾರೆಪ್ಪ ನಾಟಕದ ನೋಟಬುಕ್ಕು ಹಿಡಿದುಕೊಂಡು ಬಂದ. ಅರವತ್ತು ದಾಟಿದ ಮನುಷ್ಯ. ಊರಿನ ಹವ್ಯಾಸಿ ತಂಡಕ್ಕೆ ನಾಟಕ ಬರೆದು ತಾನೇ ಕಲಿಸುವವನು. ಯುಗಾದಿಗೆ ಆಡುವ ಹೊಸ ನಾಟಕಕ್ಕೆ 'ತಾಳಿ ಬ್ಯಾಡ, ತಂಬಿಗಿ ಕೊಡು' ಎಂದು ಹೆಸರಿಟ್ಟಿದ್ದ. ಪಾತ್ರಧಾರಿಗಳಿಗೆ ಹಂಚಲು ಪುಸ್ತಕ ಬೇಕು. ಕೈಬರಹ ಅವನೊಬ್ಬನಿಗೇ ತಿಳಿಯುವಂಥದ್ದಾದ್ದರಿಂದ ಪಕ್ಕದಲ್ಲಿ ಕೂತು ತಾನೇ ಓದಿ ಹೇಳುತ್ತಿದ್ದ. ಓದುತ್ತಾ ಓದುತ್ತಾ ಬದಲಿಸುತ್ತಲೂ ಇದ್ದ.

"ಆ ಡೈಲಾಗ್ ತಗೀರಿ ಅಕ್ಕಾರ. ಅತ್ತಿ ಅಷ್ಟ ಲಗೂ ಅಳಬಾರದು."

"ಅಣ್ಣಾರ, ಈಗ ಅಳಿಸಿದ್ರಿ, ಈಗ ನಗಸ್ತೀರಿ. ಮೊದ್ಲ ಅತ್ತಿನ್ನ ಒಂದ ಕಡೆ ಕುಂದ್ರಸ್ರಿ!"

ನಾಲ್ಕನೆಯ ದಿನ ನಲವತ್ತೊಂದನೆಯ ಪುಟಕ್ಕೆ ಬಂದಿದ್ದರು. ಸೊಸೆ ತಂಬಿಗೆ ಎಸೆಯುವ ದೃಶ್ಯ. ಸೇವ್ ಮಾಡಲು ಒತ್ತಿದಾಗಲೆಲ್ಲ ಯಂತ್ರ ಎರಡು ನಿಮಿಷ ಮಂಪರಿಗೆ ಜಾರುತ್ತಿದ್ದುದರಿಂದ ಜರೀನಾ ಅವತ್ತು ಬೆಳಿಗ್ಗೆಯಿಂದ ಸೇವ್ ಮಾಡಿರಲಿಲ್ಲ. ತಂಬಿಗೆ ಸೊಸೆಯ ಕೈ ಬಿಡುವಷ್ಟರಲ್ಲಿ ತೆರೆ ನೀಲಿಯಾಯಿತು, ಆಮೇಲೆ ಕಪ್ಪಾಯಿತು. ಮತ್ತೆ ಎಬ್ಬಿಸಿ ನೋಡಿದರೆ ಹನ್ನೆರಡು ಪುಟ ಮಾಯ.

ಜರೀನಾ ಎರಡೂ ಕೈ ಕೀಲಿಮಣೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಹೋದ ಪುಟಗಳಿಗಿಂತ ಹೆಚ್ಚಾಗಿ, ಹೊರಗಿನವನೊಬ್ಬನ ಎದುರು ತನ್ನ ಕೆಲಸ ಹೀಗೆ ಬಿದ್ದುಹೋಯಿತಲ್ಲ ಎಂಬ ಸಂಕಟ.

ಮೈಲಾರೆಪ್ಪನೇ ಸಮಾಧಾನ ಹೇಳಿದ. "ಇರ್ಲಿ ಬಿಡ್ರಿ ಅಕ್ಕಾರ. ಹೊಳ್ಳಿ ಹೇಳತೇನಿ. ಚಲೋನ ಆತು, ಆ ಸೀನಿಗೆ ಬ್ಯಾರೇ ಡೈಲಾಗ್ ಹೊಳದಾವು."

"ಇನ್ನೂ ಹೊಳದಾವಾ?" ಎಂದಳು ಜರೀನಾ. ಅವಳ ಕಣ್ಣು ನೋಡಿ ಮೈಲಾರೆಪ್ಪ ನೋಟಬುಕ್ಕು ಮಡಚಿಕೊಂಡು ಎದ್ದ.

ಮರುದಿನ ಬೆಳಿಗ್ಗೆ ಅವಳು ಯಾರನ್ನೂ ಕೇಳಲಿಲ್ಲ. ಕಂಪ್ಯೂಟರಿನ ಡಬ್ಬಿಯನ್ನು ಹಳೆಯ ಚಾದರದಲ್ಲಿ ಕಟ್ಟಿಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು. ತನ್ನ ಎಲ್ಲ ಫಾಂಟುಗಳು, ಹಳೆಯ ಸಾಫ್ಟ್‌ವೇರು ಮತ್ತು ನಾಟಕದ ಉಳಿದ ಪುಟಗಳನ್ನು ಪೆನ್ ಡ್ರೈವಿಗೆ ಹಾಕಿ ಪರ್ಸಿನಲ್ಲಿ ಇಟ್ಟುಕೊಂಡಿದ್ದಳು. ಕಂಡಕ್ಟರು ಹೆಂಗಸರ ಪುಕ್ಕಟೆ ಟಿಕೆಟು ಹರಿದು ಕೊಟ್ಟು, ತೊಡೆಯ ಮೇಲಿನ ಗಂಟು ನೋಡಿದ.

"ಇದೇನ್ರಿ?"

"ಕಂಪ್ಯೂಟರ್ರಿ."

"ನಿಮಗ ಫ್ರೀ. ಇದಕ್ಕ ಲಗೇಜ್ ಆಗತೈತಿ."

"ತೊಡಿ ಮ್ಯಾಲ ಇಟಗೊಂಡೇನಲ್ರೀ ಯಣ್ಣಾ! ಕೂಸಿನಂಗ ಹಿಡಕೊಂಡ ಕುಂತೇನಿ!"

"ಕೂಸಾಗಿದ್ರ ಬಿಡತಿದ್ದೆ" ಎಂದ ಅವನು. ಹದಿಮೂರು ವರ್ಷದ್ದಕ್ಕೆ ಹೇಗೂ ಟಿಕೆಟು ಬೇಕೇಬೇಕು ಎಂದು ಗೊಣಗಿಕೊಂಡು ಜರೀನಾ ದುಡ್ಡು ಕೊಟ್ಟಳು.

ರಾಣೆಬೆನ್ನೂರಿನಲ್ಲಿ ದುರುಗೇಶನ ಕಂಪ್ಯೂಟರ್ ಅಂಗಡಿ ಬಸ್ ನಿಲ್ದಾಣದಿಂದ ನಡೆಯುವಷ್ಟು ದೂರ. ಮೂವತ್ತೈದರ ಆಸುಪಾಸಿನ ಆಸಾಮಿ. ಡಬ್ಬಿಯ ಮುಚ್ಚಳ ತೆಗೆದು, ಒಳಗೆ ಕಟ್ಟಿದ್ದ ದೂಳಿಗೆ ಗಾಳಿ ಹೊಡೆದ. ಅದು ಬರೀ ದೂಳಾಗಿರಲಿಲ್ಲ. ಹದಿಮೂರು ಸುಗ್ಗಿ ಅಂಗಡಿಯ ಮುಂದೆ ಹಾದುಹೋದ ಮೆಣಸಿನಕಾಯಿ ಗಾಡಿಗಳ ಘಾಟು ಅದರಲ್ಲಿ ಕೂತಿತ್ತು. ದುರುಗೇಶ ಸೀನಿದ. ಪೆನ್ ಡ್ರೈವ್ ಕೊಳ್ಳಲು ಬಂದಿದ್ದ ಗಿರಾಕಿ ಸೀನುತ್ತಾ ಹೊರಗೋಡಿದ. ಜರೀನಾ ಮಾತ್ರ ರೂಢಿಯಾದ ಮೂಗಿನಿಂದ ನೋಡುತ್ತಾ ನಿಂತಳು.

ಕಣ್ಣೊರೆಸಿಕೊಂಡು ದುರುಗೇಶ ಹೇಳಿದ, "ಅಕ್ಕಾರ, ಇದು ಮುದಿ ಎತ್ತು. ಹೊಸಾ ಲಾಳ ಬಡದ್ರ ಓಡತೈತೇನ್ರಿ? ಮೂವತ್ತೆಂಟ ಸಾವಿರಕ್ಕ ಹೊಸಾದು ಕೊಡತೇನಿ, ತಗೊಂಡ ಹೋಗ್ರಿ."

"ಯಾಕ ಕುಂಟತೈತಿ ಅಂತ ಕೇಳಾಕ ಬಂದೇನಪಾ ನಾನು. ಎತ್ತ ಮಾರಾಕ ಬಂದಿಲ್ಲ. ಆತು, ನಿನ್ನ ಹೊಸಾದ್ರಾಗ ಮೊದ್ಲ ಇದನ್ನ ತೆರದ ತೋರಸು" ಎಂದು ಪೆನ್ ಡ್ರೈವ್ ಕೊಟ್ಟಳು.

ಹೊಸ ಯಂತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ಶುರುವಾಯಿತು. ಜರೀನಾಳ ಎದೆ ಒಮ್ಮೆ ಹಗುರಾಯಿತು. ನಾಟಕ ತೆರೆದಾಗ ಕನ್ನಡದ ಜಾಗದಲ್ಲಿ ನೆತ್ತಿಯ ಮೇಲೆ ಟೊಪ್ಪಿಗೆ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳು ಸಾಲಾಗಿ ನಿಂತಿದ್ದವು. ದುರುಗೇಶ ಫಾಂಟು ಹಾಕಿದ, ಅಕ್ಷರ ಬಂತು. ಆದರೆ ಪುಟ ಕಟ್ಟುವ ಅವಳ ಹಳೆಯ ಸಾಫ್ಟ್‌ವೇರು ಅದರಲ್ಲಿ ಕೂರಲೇ ಇಲ್ಲ. ಹೊಸದನ್ನು ಪ್ರತಿ ವರ್ಷ ಬಾಡಿಗೆ ಕಟ್ಟಿ ಬಳಸಬೇಕು, ಹಳೆಯ ಕಾರ್ಡುಗಳನ್ನು ಅದಕ್ಕೆ ತಕ್ಕಂತೆ ಮತ್ತೆ ಜೋಡಿಸಬೇಕು ಎಂದ.

"ಹನ್ನೊಂದ ಸಾವಿರ ಕಾರ್ಡ್ ಅದಾವ ಅದರಾಗ. ನೀ ಬಂದ ಜೋಡಸ್ತೀಯಾ?"

ದುರುಗೇಶ ನಕ್ಕ. ಆಮೇಲೆ ಮೊದಲ ಸಲ ಸರಿಯಾಗಿ ಕೂತು ಹಳೆಯ ಡಬ್ಬಿಯನ್ನು ಪರೀಕ್ಷಿಸಿದ. ನಿಧಾನಕ್ಕೆ ಮುಖ್ಯ ಕಾರಣ ಸವೆದ ಹಾರ್ಡ್ ಡಿಸ್ಕು. ಅದರ ಬದಲು ಹೊಸ ಬಗೆಯ ಡಿಸ್ಕು ಹಾಕಿದರೆ ಚುರುಕಾಗುತ್ತದೆ, ರ್‍ಯಾಮ್ ಕೂಡ ಹೆಚ್ಚಿಸಬಹುದು ಎಂದ. ಆದರೆ ಎಲ್ಲ ಕೂತಿರುವ ಮದರ್‌ಬೋರ್ಡು ಹಳೆಯದು.

"ಅದು ಯಾವಾಗ ಕೈ ಕೊಡತೈತಿ?"

"ಹೇಳಾಕ ಬರೂದಿಲ್ರಿ. ಎರಡ ವರ್ಷ ನಡದ್ರೂ ನಡೀತು, ನಾಳಿಗೆ ಹೋದ್ರೂ ಹೋತು."

ಇಷ್ಟು ದಿನ ಯಾರೂ ಕೇಳದಿದ್ದ ಪ್ರಶ್ನೆ ಜರೀನಾಳ ಬಾಯಿಗೆ ಬಂತು.

"ಖರೇ ಹೇಳು. ಬೋರ್ಡ್ ಹೋದ್ರ ಈಗ ಹಾಕಿಸಿದ್ರಾಗ ಯಾವುದು ಉಳೀತೈತಿ?"

"ಡಿಸ್ಕ್ ತಗದ ಬ್ಯಾರೇ ಕಂಪ್ಯೂಟರಿಗೆ ಹಾಕಬಹುದ್ರಿ. ರ್‍ಯಾಮ್ ಆಗೂದಿಲ್ಲ. ಅದು ಈ ಹಳೇ ಬೋರ್ಡಿಗಷ್ಟ ಕುಂದ್ರತೈತಿ."

"ಹಂಗಾದ್ರ ಡಿಸ್ಕ್ ಹಾಕು. ರ್‍ಯಾಮ್ ಬ್ಯಾಡ. ಮೊದ್ಲ ನಡಿಸಿ ತೋರಸು, ಆಮ್ಯಾಲ ರೊಕ್ಕ."

ಎಲ್ಲವನ್ನೂ ಹೊಸ ಡಿಸ್ಕಿಗೆ ಇಳಿಸಲು ಮೂರು ತಾಸು ಹಿಡಿಯಿತು. ಅವಳು ಕುರ್ಚಿ ಬಿಟ್ಟು ಏಳಲಿಲ್ಲ. ಕೊನೆಗೆ ದುರುಗೇಶ ಗುಂಡಿ ಒತ್ತಿದ. ಮುಕ್ಕಾಲು ನಿಮಿಷದಲ್ಲಿ ಅವಳದೇ ಹಳೆಯ ತೆರೆ, ಅವಳದೇ ಸಾಫ್ಟ್‌ವೇರು, ನಾಟಕದ ಉಳಿದ ಪುಟಗಳು. ಮೂರು ಸಾವಿರದ ಇನ್ನೂರು ಕೊಟ್ಟು ಬಂದಳು. ವಾಪಸು ಬರುವಾಗ ಇನ್ನೊಬ್ಬ ಕಂಡಕ್ಟರು ಗಂಟಿನ ಕಡೆ ತಿರುಗಿಯೂ ನೋಡಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಹಾಗಾದರೆ ಬೆಳಿಗ್ಗೆ ಕೊಟ್ಟದ್ದು ಯಾತಕ್ಕೆ?

ನಾಟಕದ ಪುಸ್ತಕ ಒಂಬತ್ತು ದಿನದಲ್ಲಿ ಮುಗಿಯಿತು. ಮೈಲಾರೆಪ್ಪ ಅತ್ತೆಯನ್ನು ಇನ್ನೂ ಮೂರು ಸಲ ಅಳಿಸಿ ನಗಿಸಿದ. ಯುಗಾದಿಯ ಆಟಕ್ಕೆ ಜರೀನಾಳನ್ನು ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಸೊಸೆಯ ಪಾತ್ರ ಹಾಕಿದ್ದ ಹುಡುಗ ನಲವತ್ತೊಂದನೆಯ ಪುಟದ ಮಾತನ್ನೆಲ್ಲ ಮರೆತು ತಂಬಿಗೆಯನ್ನಷ್ಟೇ ಎಸೆದ. ಚಪ್ಪಾಳೆ ಬಿದ್ದದ್ದು ಅದಕ್ಕೇ. ಎರಡೆರಡು ಸಲ ಟೈಪು ಮಾಡಿದ ಆ ಪುಟ ನೆನೆದು ಜರೀನಾ ತಲೆ ತಲೆ ಚಚ್ಚಿಕೊಂಡಳು.

ಮದುವೆಯ ಸುಗ್ಗಿ ನಡುಮಧ್ಯೆ ಬಂದಾಗ, ಒಂದು ಮಧ್ಯಾಹ್ನ, ಸುಟ್ಟ ವಾಸನೆ ಬಂದು ಯಂತ್ರ ನಿಂತಿತು. ಮದರ್‌ಬೋರ್ಡು. ಹೊಸ ಡಿಸ್ಕು ಹಾಕಿಸಿ ಎರಡು ತಿಂಗಳೂ ತುಂಬಿರಲಿಲ್ಲ.

ಯೂಸುಫಸಾಬ ಕತ್ತರಿ ಕೆಳಗಿಟ್ಟು, "ಅವಾಗ್ಲೇ ಹೊಸಾದು ತಗೊಂಡಿದ್ರ ಇದೆಲ್ಲಾ ಇರ್ತಿರಲಿಲ್ಲ" ಎಂದ.

"ಯಾ ಅಲ್ಲಾ! ಎಣ್ಣಿ ಬಿಡು ಅಂದವ್ರು ಯಾರು?"

ಆವತ್ತು ಅವಳು ತನ್ನ ಮೇಲೂ ಸಿಟ್ಟಾದಳು, ಮೂರು ಸಾವಿರವನ್ನು ಮೆಣಸಿನ ದೂಳಿಗೆ ಸುರಿದೆನಲ್ಲ ಎಂದು. ದುರುಗೇಶನಿಗೆ ಫೋನು ಮಾಡಿ ಮನಸಾರೆ ಬೈದಳು. ಅವನು ಬೈಸಿಕೊಂಡು, ಯಾವುದೋ ಬೀಜದ ಕಂಪನಿಯ ಆಫೀಸು ಹಳೆಯ ಕಂಪ್ಯೂಟರುಗಳನ್ನು ಮಾರಿದೆ, ಅದರಲ್ಲೊಂದು ಚಲೋ ಇದೆ, ಅವಳ ಡಿಸ್ಕು ಅದಕ್ಕೆ ಕೂರುತ್ತದೆ ಎಂದ. ಒಂಬತ್ತು ಸಾವಿರ. ಮರುದಿನ ತಾನೇ ಬೈಕಿನ ಹಿಂದೆ ಕಟ್ಟಿಕೊಂಡು ಬ್ಯಾಡಗಿಗೆ ತಂದ. ಡಿಸ್ಕು ತೆಗೆದು ಇದಕ್ಕೆ ಹಾಕಿ, ಸಂಜೆಯವರೆಗೆ ಹೆಣಗಾಡಿ ಎಲ್ಲ ನಡೆಯುವಂತೆ ಮಾಡಿದ. ಕಾರ್ಡುಗಳು ಒಂದೂ ಹೋಗಿರಲಿಲ್ಲ. ರ್‍ಯಾಮ್ ಹಾಕಿಸದ ದುಡ್ಡು ಉಳಿದಿತ್ತು. ಪ್ರಿಂಟರು ಮಾತ್ರ ಹೊಸ ಮನೆಯವರನ್ನು ಗುರುತಿಸಲು ಒಪ್ಪದೆ ಎರಡು ದಿನ ಸತಾಯಿಸಿತು. ಆ ಎರಡು ದಿನ ಅಂಗಡಿಗೆ ಬಂದ ಯಾರೂ ಜರೀನಾಳ ಎದುರು ಜೋರಾಗಿ ಉಸಿರು ಬಿಡಲಿಲ್ಲ.

ಆಮೇಲೆ ಒಂದು ದಿನ, ತಹಶೀಲ್ದಾರ್ ಕಚೇರಿಯ ಮುಂದೆ ಬಾಂಡ್ ಬರೆಯುವ ಡಾಕಪ್ಪ ಬಂದು ಕುರ್ಚಿ ಎಳೆದುಕೊಂಡು ಕೂತ.

"ಜರೀನಾ ಅಕ್ಕಾರ, ನನ್ನ ಕಂಪ್ಯೂಟರೂ ಭಾಳ ಸ್ಲೋ ಆಗೇತಿ. ಹೊಸಾದು ತಗೊಳ್ಳೋ, ರಿಪೇರಿ ಮಾಡಸ್ಲೋ? ನೀವ ಒಂದ ಮಾತ ಹೇಳಿಬಿಡ್ರಿ."

"ನಾ ಏನೂ ಹೇಳೂದಿಲ್ರಿ. ನಿಮ್ಮ ಬಾಂಡ್ ಎಲ್ಲಾ ಪೆನ್ ಡ್ರೈವಿಗೆ ಹಾಕ್ಕೊಂಡ ರಾಣೆಬೆನ್ನೂರಿಗೆ ಹೋಗ್ರಿ. ಅಲ್ಲೇ ಕುಂತ ತೆರದ ನೋಡ್ರಿ. ಹಾಳಾದ್ರ ಏನ ಉಳೀತೈತಿ ಅಂತ ಕೇಳ್ರಿ. ಅಷ್ಟ."

"ಇದರಕಿಂತ ನೀವ ಹೇಳೂದ ಸಲೀಸ ಅಲ್ರಿ?"

ಜರೀನಾ ತೆರೆಯ ಕಡೆ ತಿರುಗಿದಳು. ಅವಳ ಎದುರಿಗೆ ಹಿರೇಕೆರೂರಿನ ಬೀಗರ ಲಗ್ನಪತ್ರಿಕೆ ಇತ್ತು, ಅದರಲ್ಲಿ ಮೂವತ್ತೆರಡು ಮಂದಿ ಸುಖಾಗಮನ ಬಯಸುವವರಿದ್ದರು, ಹದಿನೇಳನೆಯವರ ಹೆಸರಿನ ಒತ್ತಕ್ಷರ ಸರಿಯಾಗಿ ಕೂತಿರಲಿಲ್ಲ.